ಮಾವನ ಚರಿಗಿ

ಅರವತ್ತನೇ ಇಸ್ವಿ ಆಸುಪಾಸಿನ ಮಾತು. ನಮ್ಮ ಮಾವಗ ಲಕ್ವಾ ಹೊಡದು ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ವು. ಧಾರವಾಡದ ದವಾಖಾನಿಂದ ಮನಿಗೆ ಕಳಸೂ ಮುಂದ ನರ್ಸಬಾಯಿ ನನ್ನ ಕರದು, "ಇನ್ನ ಇವರು ಬೀಳಬಾರದವಾ. ಬಿದ್ರ ಮತ್ತ ಏಳೂದು ಕಠಿಣ. ನಡಿಯೂ ಮುಂದ ಬಲಕ್ಕ ನಿಂತು ಸೊಂಟಕ್ಕ ಕೈ ಹಾಕಿ ಹಿಡಿ," ಅಂತ ಹಿಡದ ತೋರಿಸಿದ್ಲು. ಮನ್ಯಾಗ ಗಟ್ಟಿ ಇದ್ದಾಕಿ ನಾ ಒಬ್ಬಾಕಿನ. ನಮ್ಮ ಅತ್ತಿಯವರಿಗೆ ಮೊಣಕಾಲ ಬ್ಯಾನಿ, ನಮ್ಮ ಮನಿಯವರು ದಾಂಡೇಲಿ ಮಿಲ್ಲಿನ ಪಾಳಿಗೆ. ನಾವಿದ್ದದ್ದು ಮಿಲ್ಲಿನ ಚಾಳಿನ್ಯಾಗ, ಒಂದಕ್ಕೊಂದು ಹತ್ತಿದ ಸಾಲುಮನಿ.

ಆದ್ರ ನಾ ಸೊಸಿ. ಮಾವನ ಮುಂದ ತಲಿ ಮ್ಯಾಲಿನ ಸೆರಗು ಜಾರಗೊಡಬಾರದು, ಎದುರು ನಿಂತು ಮಾತಾಡಬಾರದು. ಮೊದಲನೇ ದಿನಾನ ಹಿಡಿಯಾಕ ಹೋದ್ರ ಅತ್ತಿ ನನ್ನ ಕೈ ಜಗ್ಗಿದ್ರು.

"ಮಾವನ ಸೊಂಟಕ್ಕ ಸೊಸಿ ಕೈ ಹಾಕಿದ್ದು ನೋಡಿದ್ರ ಚಾಳಿನ ಮಂದಿ ನಗೂದಿಲ್ಲೇನ?"

ಉಣ್ಣಾಕ ಕುಂತಾಗ ಮನಿಯವರಿಗೆ ಹೇಳಿದೆ. "ಅವ್ವ ಹೇಳಿದಂಗ ಕೇಳು," ಅಂದು ತಾಟಿನ ಕಡೆ ತಿರುಗಿದ್ರು. ಮಂದಿ ಏನಂತಾರ ಅನ್ನೂದೂ ಒಂದು ರೋಗ, ಅದಕ್ಕ ಧಾರವಾಡದಾಗೂ ಔಷಧ ಇಲ್ಲ.

ಚಾಳಿನ ಪಾಯಖಾನಿ ಹಿತ್ತಲ ತುದಿಗೆ. ಮಾವಗ ಉಳದದ್ದು ಒಂದ ಕೈ. ಬಡಿಗಿ ಹಿಡದ್ರ ನೀರಿನ ಚರಿಗಿ ಹಿಡಿಯಾಕ ಆಗೂದಿಲ್ಲ, ಚರಿಗಿ ಹಿಡದ್ರ ಬಡಿಗಿ ಇಲ್ಲ. ಚರಿಗಿ ನಾನ ಒಯ್ದು ಇಟ್ಟು ಬರ್ತೇನಿ ಅಂದೆ. ಅದೂ ಬ್ಯಾಡ, ಮಾವಗ ನಾಚಿಕಿ ಆಗತೈತಿ ಅಂತ. ಲಕ್ವಾ ಹೊಡದಾಗಿಂದ ಮಾವನ ನಾಲಿಗಿ ಹೊರಳತಿದ್ದಿಲ್ಲ. ಅವರ ನಾಚಿಕಿನೂ ಅತ್ತಿನ ಹೇಳತಿದ್ರು.

ಮಳಿ ಬಿಟ್ಟ ಒಂದು ಮುಂಜಾನೆ ಮಾವ ಬಡಿಗಿ ಗ್ವಾಡಿಗೆ ಆನಿಸಿ, ಎಡಗೈಯಾಗ ಚರಿಗಿ ತುಗೊಂಡು ಹೊಂಟ್ರು. ಕಾಲು ಎಳಕೋತ ಹಾಸಗಲ್ಲಿನ ಮ್ಯಾಲೆ ಬಂದ್ರು. ಕಲ್ಲು ಪಾಚಿ ಹಿಡದಿತ್ತು. ಕೈ ಚಾಚಿದ್ರ ಸಿಗೂವಷ್ಟ ಹತ್ತರ ನಾ ಸೆರಗು ಹಿಡಕೊಂಡು ನಿಂತಿದ್ದೆ, ಬಾಗಲದಾಗ ಅತ್ತಿ ನನ್ನನ್ನ ನೋಡತಿದ್ರು. ಚರಿಗಿ ಮೊದಲು ಬಿತ್ತು, ಆಮ್ಯಾಲೆ ಅವರು. ತೊಡಿ ಎಲುಬು ಮುರೀತು.

ಅಲ್ಲಿಂದ ಹಾಸಿಗಿ ಬಿಟ್ಟು ಏಳಲಿಲ್ಲ. ಮೈ ಒರಸಾಕ, ಹೇಲು ಉಚ್ಚಿ ಬಳಿಯಾಕ ಯಾರು? ನಾನ. ಅತ್ತಿ ಮೂಗಿಗೆ ಸೆರಗು ಹಿಡದು, "ಅರಿವಿ ಬದಲ ಮಾಡವಾ, ನಾರತೈತಿ," ಅಂತಿದ್ರು. ಈಗ ಯಾರಿಗೂ ನಾಚಿಕಿ ಇಲ್ಲ. ಚಾಳಿನ ಮಂದಿ ಬಂದು, ಸೊಸಿ ಅಂದ್ರ ಹಿಂಗಿರಬೇಕು ಅಂತ ಹೊಗಳಿ ಚಹಾ ಕುಡದು ಹೋದ್ರು. ಆ ಹೊಗಳಿಕಿಗಿಷ್ಟು ಬೆಂಕಿ ಹಚ್ಚಲಿ.

ಮಗ್ಗಲು ಹೊರಳಸೂ ಮುಂದ ನರ್ಸಬಾಯಿ ತೋರಿಸಿದಂಗನ ಅವರ ಸೊಂಟಕ್ಕ ಕೈ ಹಾಕತಿದ್ದೆ. ಒಮ್ಮೆ ಮಾವ ನನ್ನ ಆ ಕೈ ಮ್ಯಾಲೆ ತಮ್ಮ ಎಡಗೈ ಇಟ್ಟು, ಅತ್ತಿ ಮಾರಿ ನೋಡಿದ್ರು. ಎಷ್ಟೋ ಹೊತ್ತು ಕಣ್ಣು ತಗೀಲಿಲ್ಲ. ಅತ್ತಿ ಎದ್ದು ಅಡಗಿಮನಿಗೆ ಹೋದ್ರು.