ಎಲ್ಲ ಬೆಡಗನ್ನೂ ಉಂಡವನು

ಎಮೆರಿ ಗ್ರೀನ್‌ಸ್ಕೈ ಮೊದಲ ಸಲ ನಮ್ಮ ಮೇಜಿಗೆ ಬಂದು ಕೂತಾಗ ಹೆಸರು ಹೇಳಿದ, ಹುಟ್ಟಿದ ಕೆರೆಯ ಹೆಸರು ಹೇಳಿದ, ಬೆಡಗು, ಅಂದರೆ ಕುಲ, ಹೇಳಲಿಲ್ಲ. ಉಳಿದವರಿಗೆ ಅದು ಗೊತ್ತಾಗಲಿಲ್ಲ, ಸೂಪಿನ ಪಾತ್ರೆ ಕೈಯಿಂದ ಕೈಗೆ ಬರುತ್ತಿತ್ತು. ನನಗೆ ಗೊತ್ತಾಯಿತು. ನಮ್ಮ ಓಜಿಬ್ವೆ ಜನ ಹೊಸಬರೆದುರು ಹೆಸರು, ಬೆಡಗು, ಊರು ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಕರಡಿಯೋ, ಕೊಕ್ಕರೆಯೋ, ಮೀನೋ, ಆಮೆಯೋ, ಅಪ್ಪನ ಕಡೆಯಿಂದ ಬಂದ ಪ್ರಾಣಿ ಯಾವುದೆಂದು ತಿಳಿದ ಮೇಲೆಯೇ ಎದುರಿಗಿರುವವನು ಅಣ್ಣನೋ ಭಾವನೋ ಎಂದು ಗೊತ್ತಾಗುವುದು. ಸತ್ತ ಮೇಲೂ ಅದು ಬೇಕು. ಗೋರಿಯ ಮುಂದಿನ ಹಲಗೆಯ ಮೇಲೆ ಬೆಡಗಿನ ಪ್ರಾಣಿಯನ್ನು ತಲೆಕೆಳಗಾಗಿ ಬರೆಯುತ್ತೇವೆ. ಸತ್ತವರು ನಡೆಯುವ ದಾರಿಯಲ್ಲಿ ಮುಂದೆ ಹೋದವರು ಅದನ್ನು ನೋಡಿಯೇ 'ಇವನು ನಮ್ಮವನು' ಎಂದು ಕರೆದುಕೊಳ್ಳುವುದು.

ಇವನು ನಡುವಿನದನ್ನು ನುಂಗಿಬಿಟ್ಟ. ನುಂಗುವವನ ಗಂಟಲನ್ನು ನೋಡುತ್ತಿರಬೇಕು ಎಂದುಕೊಂಡೆ.

ಅವನು ತನ್ನ ಬಗ್ಗೆ ಹೇಳಿಕೊಂಡದ್ದು ಇಷ್ಟು. ಹುಟ್ಟಿದ್ದು ಕೆರೆಯಲ್ಲಿ ತಾನಾಗಿ ಬೆಳೆಯುವ ಕೆರೆಯಕ್ಕಿಯನ್ನು ಕೊಯ್ಯುವವರ ಬಿಡಾರದಲ್ಲಿ. ಚಿಕ್ಕವನಿರುವಾಗಲೇ ಸರ್ಕಾರದ ಲಾರಿ ಬಂದು ದೂರದ ಶಾಲೆಗೆ ಕೊಂಡೊಯ್ದಿತು. ಗ್ರೀನ್‌ಸ್ಕೈ ಎಂಬ ಹೆಸರೂ ಅಲ್ಲಿಯದೇ. ಅಲ್ಲಿಂದ ಓಡಿಹೋದ, ಸಿಕ್ಕಿಬಿದ್ದ, ಮತ್ತೆ ಓಡಿದ. ಆಮೇಲೆ ದೊಡ್ಡ ಸರೋವರದ ಅದಿರು ಹಡಗುಗಳಲ್ಲಿ ಅಡುಗೆ ಮಾಡಿಕೊಂಡಿದ್ದ. ಮದುವೆಯಾದ, ಹೆಂಡತಿ ತೀರಿಕೊಂಡಳು. ಕಾಲು ಸೋತ ಮೇಲೆ ಇಲ್ಲಿಗೆ ಬಂದು ಅಂಚೆ ಕಚೇರಿಯ ಹಿಂದಿನ ಟ್ರೇಲರ್ ಮನೆ ಹಿಡಿದ.

ಕಣ್ಣಾರೆ ಕಾಣದ್ದನ್ನು ಹೇಳುವಾಗ ನಮ್ಮ ಭಾಷೆಯಲ್ಲಿ ಮಾತಿನ ಬಾಲಕ್ಕೆ 'ಇರಬೇಕು' ಎಂಬ ಗಂಟು ಹಾಕುತ್ತೇವೆ. ಎಮೆರಿಯ ಮಾತಿಗೆ ಬರೀ ಗಂಟು. ಅಪ್ಪ ಮರ ಕಡಿಯುವವರ ಪೈಕಿ ಇದ್ದಿರಬೇಕು. ಬಿಳಿಯನೋ ನಮ್ಮವನೋ, ಯಾರೋ ಆಗಿರಬೇಕು. ಅಮ್ಮ ತಾನು ಶಾಲೆಯಲ್ಲಿದ್ದಾಗ ಸತ್ತಿರಬೇಕು. ಇಷ್ಟು ಗಂಟು ಹಾಕುವವನ ಹತ್ತಿರ ಹಗ್ಗ ಎಷ್ಟು ಉದ್ದವಿದೆಯೋ ಎಂದು ನನಗೆ ಅನುಮಾನ.

ಅವನ ಮಾತೂ ವಿಚಿತ್ರವಾಗಿತ್ತು. ಉಚ್ಚಾರ ಚೊಕ್ಕ, ಆದರೆ ಮಕ್ಕಳ ಮಾತು. ನರೆತ ಮೀಸೆಯ ಗಂಡಸು ಊಟಕ್ಕೆ 'ಮಮ್ಮು' ಅನ್ನುತ್ತಿದ್ದ, ನಿದ್ದೆಗೆ 'ತಾಚಿ' ಅನ್ನುತ್ತಿದ್ದ. ನನ್ನ ನಾದಿನಿ ಆರ್ವಿಲ್ಲಾ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು.

"ಅತ್ತಿಗೆ, ಇವನಿಗೆ ಸೂಪು ಬೇಡ ಕಣೆ, ಹಾಲು ಕಾಯಿಸು."

"ಹಾಲಿನ ಜತೆ ಒಂದು ತೊಟ್ಟಿಲೂ ತಗೊಂಬನ್ನಿ" ಅಂದ ಎಮೆರಿ. "ಮಂಡಿ ನೋವು. ತೂಗಿದ್ರೆ ಒಳ್ಳೇದೇ."

ಭಾನುವಾರ ಮಧ್ಯಾಹ್ನ ಚರ್ಚಿನ ನೆಲಮಾಳಿಗೆಯಲ್ಲಿ ಸೇರುವ ಮೇಜು ನಮ್ಮದು. ಒಂದೇ ನಿಯಮ: ಅಲ್ಲಿ ನಮ್ಮ ಭಾಷೆಯೊಂದೇ ನಡೆಯಬೇಕು. ಇವನು ಬರುವ ಮೊದಲು ಹವೆ, ಮೀನು, ಸಕ್ಕರೆ ಕಾಯಿಲೆ ಬಿಟ್ಟು ಬೇರೆ ಮಾತಿರಲಿಲ್ಲ. ಇವನು ದೇವದಾರು ಮರದಲ್ಲಿ ಕೆತ್ತಿದ ಹೆಬ್ಬೆರಳುದ್ದದ ಪ್ರಾಣಿಗಳನ್ನು ಕೋಟಿನ ಜೇಬಿನಲ್ಲಿ ತರುತ್ತಿದ್ದ. ವಾರಕ್ಕೊಂದನ್ನು ಮೇಜಿನ ನಡುವೆ ಇಟ್ಟು, "ಈವತ್ತು ಇವನು. ನಿಮ್ಮೊಳಗೆ ಇವನು ಎಲ್ಲಿದ್ದಾನೆ ಹೇಳಿ" ಅನ್ನುತ್ತಿದ್ದ.

ಹಲ್ಲಿನಿಂದ ಮರ ಕಡಿದು ಹೊಳೆಗೆ ಕಟ್ಟೆ ಕಟ್ಟುವ ಬೀವರ್ ಇಟ್ಟ ದಿನ ಆರ್ವಿಲ್ಲಾ, "ನನ್ನ ಬಾಯಲ್ಲಂತೂ ಇಲ್ಲಪ್ಪ, ಹಲ್ಲೇ ಇಲ್ಲ" ಅಂದಳು. ಎಲ್ಲರೂ ನಕ್ಕರು. ಐಯೋನ್ ನಗಲಿಲ್ಲ. ಐಯೋನ್ ತನ್ನ ಮಗಳೊಡನೆ ಮಾತು ಬಿಟ್ಟು ಬಹಳ ಕಾಲವಾಗಿತ್ತು. ಯಾರು ಕೇಳಿದರೂ ಇಂಗ್ಲಿಷಿನಲ್ಲಿ 'ಎಲ್ಲ ಚೆನ್ನಾಗಿದೆ' ಎಂದು ತಪ್ಪಿಸಿಕೊಳ್ಳುತ್ತಿದ್ದವಳು. ನಮ್ಮ ಭಾಷೆಯಲ್ಲಿ ಅವಳಿಗೆ ಬರುವುದು ಸ್ವಲ್ಪ. ಆ ಸ್ವಲ್ಪದಲ್ಲಿ ಬಚ್ಚಿಟ್ಟುಕೊಳ್ಳಲು ಜಾಗ ಸಿಗಲಿಲ್ಲವೆಂದು ಕಾಣುತ್ತದೆ. "ನಾನು ಕಟ್ಟೆ ಕಟ್ಟಿದೀನಿ" ಅಂದಳು. "ನೀರು ಆಚೆ ನಿಂತಿದೆ. ನನ್ನ ಕಡೆ ಒಣಗಿದೆ." ಆ ವಾರವೇ ಅವಳು ಮಗಳ ಮನೆಗೆ ಹೋಗಿ ಬಂದಳು.

ಅಂದಿನಿಂದ ಜನ ಹೆಚ್ಚಾದರು. ಅಳುವುದು ಹೆಚ್ಚಾಯಿತು. ನನ್ನ ಸರದಿ ಬಂದರೆ, "ನನ್ನೊಳಗೆ ಯಾವುದೂ ಇಲ್ಲ, ಮುಂದಕ್ಕೆ ಹೋಗು" ಅನ್ನುತ್ತಿದ್ದೆ.

ಯಾಕೆಂದರೆ ಇದಕ್ಕೂ ಮುಂಚೆ ಒಬ್ಬ ಬಂದಿದ್ದ. ಉದ್ದ ಜಡೆ, ಬೆಣ್ಣೆಯಂಥ ಮಾತು, ಕೈಯಲ್ಲೊಂದು ಟೇಪ್ ರೆಕಾರ್ಡರ್. ನಮ್ಮ ಅಜ್ಜಿಯರು ನೆಲದ ಮೇಲೆ ಹಿಮ ಇರುವಾಗ ಮಾತ್ರ ಹೇಳುತ್ತಿದ್ದ ಕಥೆಗಳನ್ನೆಲ್ಲ ತುಂಬಿಕೊಂಡು ಹೋಗಿ, ನಡುಬೇಸಿಗೆಯಲ್ಲಿ ಪಟ್ಟಣದವರನ್ನು ಬೆಂಕಿಯ ಸುತ್ತ ಕೂರಿಸಿ ಮಾರಿದ. ಬೇರೆಯವರ ಎದೆ ತೆರೆಸಿ ತನ್ನ ಅಂಗಿಯ ಗುಂಡಿ ಹಾಕಿಕೊಂಡೇ ಇರುವವನನ್ನು ನಂಬಬಾರದೆಂದು ಅವನಿಂದ ಕಲಿತೆ. ಎಮೆರಿಯೂ ತನ್ನೊಳಗೆ ಯಾವ ಪ್ರಾಣಿ ಇದೆ ಎಂದು ಒಮ್ಮೆಯೂ ಹೇಳಲಿಲ್ಲ.

ಇನ್ನೊಂದು ವಿಷಯ ಇತ್ತು. ಅವನು ಕರಡಿ ತಂದ, ಕೊಕ್ಕರೆ ತಂದ, ಮೀನು, ಆಮೆ, ಜಿಂಕೆ, ಹದ್ದು ಎಲ್ಲ ತಂದ. ವಾಬಿಝೇಶಿಯನ್ನು ಮಾತ್ರ ತರಲಿಲ್ಲ. ವಾಬಿಝೇಶಿ ಎಂದರೆ ಮುಂಗುಸಿಯಂತೆ ಉದ್ದ ಮೈ, ಮರದಿಂದ ಮರಕ್ಕೆ ಹಾರುವ, ಗಂಟಲಲ್ಲಿ ಕೇಸರಿ ಮಚ್ಚೆ ಇರುವ ಪ್ರಾಣಿ. ಅದು ನನ್ನ ಬೆಡಗು. ಈ ಕೆರೆಯ ಸುತ್ತ ಆ ಬೆಡಗಿಗೆ ಈಗ ನಾನೇ ಹಿರಿಯಳು. ಎಲ್ಲರನ್ನೂ ಕೆತ್ತಿದವನು ನಮ್ಮನ್ನೇ ಯಾಕೆ ಬಿಟ್ಟ?

ಬಾಯಿ ಬಿಡದವನ ಬೆಡಗನ್ನು ಹೊಟ್ಟೆಯಿಂದ ತಿಳಿಯಬಹುದು. ಹಳೆಯ ಕ್ರಮದವರು ತಮ್ಮ ಬೆಡಗಿನ ಪ್ರಾಣಿಯನ್ನು ಬಾಯಿಗಿಡುವುದಿಲ್ಲ. ಹಡಗಿನಲ್ಲಿ ಬದುಕು ಕಳೆದವನಿಗೂ ತಾಯಿ ಹೇಳಿದ್ದು ನಾಲಗೆಯಲ್ಲಿ ಎಲ್ಲೋ ಉಳಿದಿರುತ್ತದೆ. ಹಾಗಾಗಿ ಅಕ್ಕಿ ಕೊಯ್ಲು ಮುಗಿದ ಮೇಲೆ ಅವನನ್ನು ಊಟಕ್ಕೆ ಕರೆಯತೊಡಗಿದೆ.

ಮೊದಲು ಜಿಂಕೆ. ತಿಂದ, ಮೂಳೆ ಚೀಪಿದ. ಇನ್ನೊಂದು ದಿನ ದೊಡ್ಡ ಮೀನು. ತಲೆಯನ್ನೂ ಬಿಡಲಿಲ್ಲ. ಕರಡಿಯ ಮಾಂಸ ಬೇಯಿಸಿದ ದಿನ ಆರ್ವಿಲ್ಲಾ ಬಾಗಿಲಲ್ಲೇ ಮೂಗು ಮುಚ್ಚಿಕೊಂಡು ನಿಂತಳು. ಅವಳೂ, ತೀರಿಕೊಂಡ ನನ್ನ ಗಂಡನೂ ಕರಡಿಯವರು.

"ಅಯ್ಯೋ ಪಾಪಿ! ನಮ್ಮಣ್ಣ ಬದುಕಿದ್ದಾಗ ಅವನ ತಲೆ ತಿಂದೆ. ಈಗ ಅವನನ್ನೇ ಪಾತ್ರೆಗೆ ಹಾಕ್ಕೊಂಡು ಕೂತಿದೀಯ?"

"ಬಾಯ್ಮುಚ್ಚೆ. ಇದು ಪರೀಕ್ಷೆ."

"ಏನ್ ಪರೀಕ್ಷೆ? ಆ ಮುದುಕ ಉಂಡೂ ಉಂಡೂ ದಪ್ಪ ಆಗ್ತಿದಾನೆ, ನೀನು ಅನುಮಾನ ಪಟ್ಟೂ ಪಟ್ಟೂ ಸೊರಗ್ತಿದೀಯ. ಊರಲ್ಲಿ ಏನಂತಾರೆ ಗೊತ್ತಾ? ಡೆಲಿಮಾ ಇನ್ನೊಂದು ಗಂಡ ಸಾಕ್ತಿದಾಳೆ ಅಂತಾರೆ."

ಎಮೆರಿ ಕರಡಿಯನ್ನೂ ತಿಂದ. "ಮಮ್ಮು ಚೆನ್ನಾಗಿದೆ ಅಮ್ಮೋರೆ" ಅಂದ. ಕಾಡುಬಾತು, ಬೀವರ್ ಬಾಲ, ಏನಿಟ್ಟರೂ ತಟ್ಟೆ ಖಾಲಿ. ನನಗೆ ಸಿಟ್ಟು ಬಂತು. ಒಂದೋ ಇವನು ನಮ್ಮವನೇ ಅಲ್ಲ, ಇಲ್ಲವೇ ಯಾರಿಗೂ ಹೆದರದ ನಿರ್ಲಜ್ಜ.

ಕೊನೆಗೆ ಆಮೆ ಉಳಿದಿತ್ತು. ಕೆರೆ ಹೆಪ್ಪುಗಟ್ಟುವ ಮೊದಲು ಸಿಕ್ಕಿದ್ದನ್ನು ಅದಕ್ಕೆಂದೇ ಎತ್ತಿಟ್ಟಿದ್ದೆ. ಸೂಪು ಮಾಡಿ ಬಡಿಸಿ ಎದುರಿಗೆ ಕೂತೆ. ಎರಡು ಚಮಚ ಕುಡಿದವನು ಚಮಚ ಕೆಳಗಿಟ್ಟ. ಎದೆಯ ಮೇಲೆ ಅಂಗೈ ಇಟ್ಟುಕೊಂಡ. ಸಿಕ್ಕಿಬಿದ್ದ ಎಂದುಕೊಂಡೆ.

"ಇದು ಆಮೆನಾ?"

"ಹೌದು. ಯಾಕೆ? ನಿಂದು ಆಮೆ ಬೆಡಗಾ?"

ಅವನು ಒಳಗಿನಿಂದ ಯಾರಾದರೂ ಕರೆದಾರು ಎಂಬಂತೆ ತಲೆ ಓರೆ ಮಾಡಿ ಕೂತಿದ್ದ. ಆಮೇಲೆ ಚಮಚ ಎತ್ತಿಕೊಂಡ.

"ಇಲ್ಲ ಅನ್ಸುತ್ತೆ. ಉಪ್ಪು ಕಮ್ಮಿ ಅಷ್ಟೆ."

ನಾನು ಉಪ್ಪಿನ ಡಬ್ಬಿಯನ್ನು ಅವನ ಮುಂದೆ ಕುಕ್ಕಿದೆ.

"ಕೋಪ ಮಾಡ್ಕೋಬೇಡಿ" ಅಂದ. "ನೀವು ಬೆಡಗು ಬೆಡಗನ್ನೇ ಬಡಿಸ್ತಿದೀರಿ ಅಂತ ಕರಡಿ ದಿನವೇ ಗೊತ್ತಾಯ್ತು. ಅಡುಗೆಯವನು ನಾನು. ಮನೆಗೆ ಬಂದವನಿಗೆ ವಾರವಾರ ಬೇರೆ ಮಾಂಸ ಯಾರು ಸುಮ್ನೆ ಹುಡುಕ್ತಾರೆ?"

"ಗೊತ್ತಿದ್ದೂ ತಿಂದೆಯಾ?"

"ಗೊತ್ತಿದ್ದಕ್ಕೇ ತಿಂದೆ. ಯಾವುದಾದ್ರೂ ಒಂದು ಗಂಟಲಲ್ಲಿ ನಿಂತ್ಕೊಳ್ಳುತ್ತೆ, ಆಗ ನಂದು ಯಾವುದು ಅಂತ ತಿಳಿಯುತ್ತೆ ಅಂದ್ಕೊಂಡೆ. ಎಲ್ಲವೂ ಸಲೀಸಾಗಿ ಇಳಿದುಹೋಯ್ತು ಅಮ್ಮೋರೆ. ಆ ಮೇಜಿನ ಮೇಲೆ ಇಡ್ತಿದ್ದೆನಲ್ಲ, ಅದೂ ಇದಕ್ಕೇ. ನೀವೆಲ್ಲ ನಿಮ್ಮೊಳಗೆ ಹುಡುಕ್ತಿದ್ರಿ. ನಾನೂ ಹುಡುಕ್ತಿದ್ದೆ. ಐಯೋನಮ್ಮನಿಗೆ ಬೀವರ್ ಮಾತಾಡ್ತು. ನನಗೆ ಯಾವುದೂ ಮಾತಾಡಲಿಲ್ಲ."

ಕೋಟಿನ ಜೇಬಿನಿಂದ ಕೆಂಪು ಬಟ್ಟೆಯ ಪುಟ್ಟ ಗಂಟು ತೆಗೆದು ಮೇಜಿನ ಮೇಲಿಟ್ಟ. ಹೊಗೆಸೊಪ್ಪು. ನಮ್ಮಲ್ಲಿ ಏನನ್ನಾದರೂ ಬೇಡುವವನು ಹೊಗೆಸೊಪ್ಪು ಮುಂದಿಡುತ್ತಾನೆ. ಕೈಗೆ ತೆಗೆದುಕೊಂಡರೆ ಒಪ್ಪಿದಂತೆ. ಆಮೇಲೆ ಹಿಂದೆಗೆಯುವ ಹಾಗಿಲ್ಲ.

"ಪಿತ್ತಕೋಶದಲ್ಲಿ ಗಡ್ಡೆ ಇದೆಯಂತೆ. ಡಾಕ್ಟರು ಬೇಸಿಗೆ ತನಕ ಇರ್ತೀಯ ಅಂತಾರೆ, ನನಗೆ ವಸಂತದ ತನಕ ಅಷ್ಟೆ ಅನ್ಸುತ್ತೆ. ಖಾಲಿ ಹಲಗೆ ಇಟ್ಕೊಂಡು ಹೋದ್ರೆ ಆ ದಾರೀಲಿ ನನ್ನನ್ನ ಯಾರು ಕರೀತಾರೆ?"

ಅಪ್ಪ ಯಾರೆಂದು ತಿಳಿಯದವರನ್ನು, ಹೊರಗಿನಿಂದ ಬಂದವರನ್ನು ಸೇರಿಸಿಕೊಳ್ಳುವುದು ನಮ್ಮ ಕಡೆ ವಾಬಿಝೇಶಿಯ ಕೆಲಸ. ಅವನು ಕೇಳುತ್ತಿದ್ದದ್ದು ಅದನ್ನೇ. ನಾನು ಕೈ ಚಾಚಲಿಲ್ಲ. ಕಳ್ಳನಿಗೆ ಕಣ್ಣೀರಿನಷ್ಟು ಬೆಚ್ಚನೆಯ ಕಂಬಳಿ ಇನ್ನೊಂದಿಲ್ಲ.

"ಎಲ್ಲ ಕೆತ್ತಿದೆ. ನಮ್ಮದನ್ನ ಯಾಕೆ ಕೆತ್ತಲಿಲ್ಲ?"

"ಅದು ಸೇರಿಸ್ಕೊಳ್ಳೋ ಬಾಗಿಲು ಅಂತ ಹಡಗಲ್ಲಿ ಒಬ್ಬ ನಮ್ಮವನು ಹೇಳಿದ್ದ. ಆ ಬಾಗಿಲ ಚಿಲಕವನ್ನ ಹೊರಗೆ ನಿಂತವನು ಕೆತ್ಕೋಬಾರದು."

ಮಾತು ಚೆನ್ನಾಗಿತ್ತು. ಚೆನ್ನಾಗಿದ್ದದ್ದಕ್ಕೇ ನನಗೆ ಹಿಡಿಸಲಿಲ್ಲ. "ಯೋಚನೆ ಮಾಡ್ತೀನಿ" ಅಂದೆ. ಅವನು ಹೋದ. ಗಂಟು ಮೇಜಿನ ಮೇಲೆಯೇ ಉಳಿಯಿತು. ನಾನು ಅದರ ಸುತ್ತ ತಟ್ಟೆ ಇಟ್ಟೆ, ಅದರ ಸುತ್ತಲೇ ಒರೆಸಿದೆ.

ಅವನು ಹುಟ್ಟಿದ ಕೆರೆಯ ಕಡೆ ಯಾರ ಮೂಲಕವೋ ವಿಚಾರಿಸಿದೆ. ಆ ಕೆರೆಯ ಬಿಡಾರದ ಹಳಬರು ಯಾರೂ ಉಳಿದಿರಲಿಲ್ಲ. ಅವನನ್ನೂ ಮತ್ತೆ ಕೆದಕಿದೆ. ಬಿಡಾರದಲ್ಲಿ ನೀನೇನು ಮಾಡುತ್ತಿದ್ದೆ ಎಂದು ಕೇಳಿದೆ. ಹುರಿದ ಅಕ್ಕಿಯ ಹೊಟ್ಟು ಬಿಡಿಸಲು ಗುಂಡಿಯಲ್ಲಿ ತುಳಿಯುತ್ತಿದ್ದನಂತೆ, ಹೊಸ ಚರ್ಮದ ಜೋಡು ಹಾಕಿಸಿ, ಎರಡು ಕೋಲು ಹಿಡಿಸಿ, "ಹಕ್ಕಿ ಥರ ಕುಣಿ, ಮೈ ಭಾರ ಬಿಡಬೇಡ" ಅನ್ನುತ್ತಿದ್ದರಂತೆ. ಇದಕ್ಕೆ ಅವನು ಗಂಟು ಹಾಕಲಿಲ್ಲ. ನಿಜವೇ ಇರಬಹುದು. ಆದರೆ ಇಷ್ಟನ್ನು ಕೇಳಿ ತಿಳಿದವನೂ ಹೇಳಿಯಾನು.

ಕೆರೆ ಪೂರ್ತಿ ಹೆಪ್ಪುಗಟ್ಟಿತು. ಒಂದು ದಿನ ಆರ್ವಿಲ್ಲಾ ಕಾಫಿಗೆ ಬಂದವಳು ಗಂಟು ನೋಡಿದಳು.

"ಇನ್ನೂ ಇಲ್ಲೇ ಬಿದ್ದಿದೆಯಲ್ಲೇ! ಏನ್ ಕಾಯ್ತಿದೀಯ?"

"ಪುರಾವೆ."

"ಪುರಾವೆ ಇದ್ದಿದ್ರೆ ನಿನ್ನ ಬಾಗಿಲಿಗೆ ಯಾಕೆ ಬರ್ತಿದ್ದ? ಕರಡಿ ಅಂತ ಪುರಾವೆ ಸಿಕ್ಕಿದ್ರೆ ನನ್ನ ಮನೇಲಿ ಉಣ್ತಿದ್ದ, ನಿನ್ನ ಉಪ್ಪಿಲ್ಲದ ಸೂಪು ಯಾರಿಗೆ ಬೇಕು? ಪುರಾವೆ ಇಲ್ದೋರಿಗೇ ಅಲ್ವೇನೆ ನಿಮ್ಮ ಬೆಡಗು ಇರೋದು?"

ಅವಳು ಕಾಫಿ ಕುಡಿದು ಹೋದಳು. ಆರ್ವಿಲ್ಲಾಳ ಮಾತಿನಲ್ಲಿ ತೂಕವಿರುವುದು ಅಪರೂಪ. ಆ ದಿನ ಇತ್ತು. ನನ್ನ ಅಪ್ಪನ ಮುತ್ತಜ್ಜನೂ ಹೀಗೆಯೇ ಎಲ್ಲಿಂದಲೋ ಬಂದು ಸೇರಿದವನಂತೆ. ಅವನಿಗೆ ಯಾರು ಏನು ಬಡಿಸಿ ಪರೀಕ್ಷೆ ಮಾಡಿದ್ದರೋ ನನಗೆ ಗೊತ್ತಿಲ್ಲ. ನಾನು ಕೋಟು ಹಾಕಿಕೊಂಡು, ಗಂಟನ್ನು ಕೈಯಲ್ಲಿ ಹಿಡಿದುಕೊಂಡು ಅಂಚೆ ಕಚೇರಿಯ ಹಿಂದಕ್ಕೆ ಹೋದೆ. ಬಾಗಿಲು ತೆಗೆದವನು ಮೊದಲು ನೋಡಿದ್ದು ನನ್ನ ಕೈಯನ್ನು.

"ನನಗೆ ನಿನ್ನ ಮೇಲೆ ನಂಬಿಕೆ ಬಂದಿದೆ ಅಂತ ತಿಳ್ಕೋಬೇಡ" ಅಂದೆ.

"ಇಲ್ಲ ಅಕ್ಕಾ" ಅಂದ. ಅಕ್ಕಾ ಎಂದು ಕರೆದದ್ದು ಅದೇ ಮೊದಲು. ಆಮೇಲೆ ಕಣ್ಣೊರೆಸಿಕೊಂಡು, "ಅಲ್ಲ, ಇನ್ಮೇಲೆ ವಾಬಿಝೇಶಿ ತಿನ್ನೋ ಹಾಗಿಲ್ಲ ಅಲ್ವಾ?" ಎಂದು ಕೇಳಿದ.

"ಅದನ್ನ ಯಾರು ತಿಂತಾರೋ? ನಾಯೀನೂ ಮೂಸಲ್ಲ."

"ನನ್ನ ಅದೃಷ್ಟ. ಊಟಕ್ಕೇನೂ ತೊಂದರೆ ಇಲ್ಲ."

ನಾವಿಬ್ಬರೂ ನಕ್ಕೆವು. ಅದೇ ಕೊನೆ. ಅಣ್ಣ ತಂಗಿ, ಅಕ್ಕ ತಮ್ಮ ನಮ್ಮಲ್ಲಿ ಒಬ್ಬರನ್ನೊಬ್ಬರು ಚುಡಾಯಿಸುವ ಹಾಗಿಲ್ಲ, ಮರ್ಯಾದೆಯಿಂದ ಇರಬೇಕು. ಅವನನ್ನು ಗೇಲಿ ಮಾಡುವ ಸುಖ ಆರ್ವಿಲ್ಲಾಳ ಪಾಲಿಗೆ ಹೋಯಿತು. ಅವಳು ಅದನ್ನು ಚೆನ್ನಾಗಿಯೇ ಬಳಸಿಕೊಂಡಳು.

ಮುಂದಿನ ಭಾನುವಾರ ಅವನು ಮೇಜಿನ ಮೇಲೆ ಯಾವ ಪ್ರಾಣಿಯನ್ನೂ ಇಡಲಿಲ್ಲ. ಎದ್ದು ನಿಂತು ಹೆಸರು ಹೇಳಿದ, ಬೆಡಗು ಹೇಳಿದ, ಊರು ಹೇಳಿದ. ನಾನು ಅವನ ಗಂಟಲನ್ನೇ ನೋಡುತ್ತಿದ್ದೆ. ಏನನ್ನೂ ನುಂಗಲಿಲ್ಲ.

ಹಿಮ ಕರಗುವಾಗ ತೀರಿಕೊಂಡ. ವಸಂತ ಎಂದು ಅವನು ಹೇಳಿದ್ದೇ ಸರಿಯಾಯಿತು. ಹಲಗೆಯ ಮೇಲೆ ನಾನೇ ಬರೆದೆ. ಉದ್ದ ಮೈ, ಪೊದೆ ಬಾಲ ಮೇಲೆ, ತಲೆ ಕೆಳಗೆ, ಗಂಟಲಿಗೆ ಸ್ವಲ್ಪ ಕೇಸರಿ ಬಣ್ಣ. ಆರ್ವಿಲ್ಲಾ ಬಹಳ ಹೊತ್ತು ನೋಡಿ, "ಇದು ಮರದಿಂದ ಬಿದ್ದ ಅಳಿಲಿನ ಥರ ಇದೆ ಅತ್ತಿಗೆ. ಅವರು ಗುರುತು ಹಿಡೀತಾರಾ?" ಅಂದಳು.

ಹಿಡಿದಿರಬೇಕು ಅಂದೆ. ನಾನು ನೋಡಿಲ್ಲ, ಅದಕ್ಕೇ ಗಂಟು ಹಾಕಿ ಹೇಳಿದೆ.