ಹದಿನಾಲ್ಕು ಕಿಲೋ ಅನುಮಾನ, ನಾಯಂಡಹಳ್ಳಿಯವರೆಗೆ

ಬಸವೇಶ್ವರನಗರದ ನಮ್ಮ ಮನೆಯಿಂದ ನಾಯಂಡಹಳ್ಳಿ ದೂರವೇನಲ್ಲ. ವಿಜಯನಗರದ ಮೆಟ್ರೊ ನಿಲ್ದಾಣದವರೆಗೆ ಆಟೊ, ಅಲ್ಲಿಂದ ನಾಲ್ಕು ನಿಲ್ದಾಣ. ಆದರೂ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಹೊರಟಾಗ ಪರದೇಶಕ್ಕೆ ಹೊರಟವನ ಹಾಗೆ ಜೇಬು, ಕನ್ನಡಕ, ಬೀಗದ ಕೈ ಎಲ್ಲವನ್ನೂ ಎರಡೆರಡು ಸಲ ಮುಟ್ಟಿ ನೋಡಿಕೊಂಡೆ. ಇತ್ತೀಚೆಗೆ ಒಂದು ಸಲ ನೋಡಿದ್ದು ಸಾಲುತ್ತಿರಲಿಲ್ಲ.

ಕೈಯಲ್ಲಿದ್ದ ಚೀಲದಲ್ಲಿ ಹದಿನಾಲ್ಕು ಕಿಲೋ ತೂಕದ ನನ್ನ ವಾಲ್ವ್ ಆಂಪ್ಲಿಫೈಯರ್ ಇತ್ತು. ಹಳೆಯ ರೇಡಿಯೋಗಳಲ್ಲಿ ಕೆಂಪಗೆ ಉರಿಯುತ್ತಿದ್ದ ಗಾಜಿನ ವಾಲ್ವ್‌ಗಳ ಮೇಲೆ ನಡೆಯುವ ಯಂತ್ರ. ನಾಯಂಡಹಳ್ಳಿಯ ರುದ್ರಮೂರ್ತಿಯವರು ವರ್ಷಕ್ಕೆ ನಾಲ್ಕೈದು ಮಾತ್ರ ಮಾಡುತ್ತಾರೆ. ತಾಮ್ರದ ತಂತಿಯನ್ನೂ ತಾವೇ ಸುತ್ತುತ್ತಾರೆ. ಹನ್ನೊಂದು ತಿಂಗಳು ಕಾದು ಕೊಂಡಿದ್ದೆ. ಅದರಲ್ಲಿದ್ದ ಎರಡು ದೊಡ್ಡ ವಾಲ್ವ್‌ಗಳು ಮುಚ್ಚಿಹೋದ ಒಂದು ಟಾಕೀಸಿನಿಂದ ಬಂದವು, ಈಗ ಎಲ್ಲೂ ತಯಾರಾಗುವುದಿಲ್ಲ. ಒಂದರ ಕಪ್ಪು ಬುಡದಲ್ಲಿ ಉಗುರಿನಷ್ಟು ಚಕ್ಕೆ ಎದ್ದಿತ್ತು.

ನಾಲ್ಕು ತಿಂಗಳ ಹಿಂದೆ ಅವರಲ್ಲೇ ರಿಪೇರಿಗೆ ಕೊಟ್ಟು ತಂದ ಮೇಲೆ ಹಾಡಿನ ಮೈ ತೆಳ್ಳಗಾಯಿತು. ಹಿಂದಿನ ವಾರ ವಾಲ್ವ್‌ಗಳನ್ನು ಎತ್ತಿ ನೋಡಿದರೆ ಚಕ್ಕೆ ಎದ್ದಿದ್ದ ವಾಲ್ವ್ ಇರಲೇ ಇಲ್ಲ. ಬದಲಾಯಿಸಿಬಿಟ್ಟಿದ್ದಾರೆ ಎಂದು ತೀರ್ಮಾನಿಸಿದೆ.

“ಕೊಡೆ ಎಲ್ಲಿಟ್ರಿ ಅಂತ ನೆನಪಿರಲ್ಲ, ಚಕ್ಕೆ ನೆನಪಿದೆಯಂತೆ,” ಎಂದಳು ನನ್ನ ಹೆಂಡತಿ ವಿಮಲಾ, ಬಟ್ಟೆ ಒಣಹಾಕುತ್ತ. “ಈ ಬೂದಿ ಸಾಕ್ಸ್‌ದು ಜೋಡಿ ಎಲ್ಲಿ ಅಂತ ಮೊದಲು ಹೇಳಿ. ಒಂಟಿಯಾಗಿ ಎಷ್ಟು ದಿನ ಒಗೀಲಿ ಇದನ್ನ?”

ನನಗೆ ಐವತ್ತೊಂಬತ್ತು. ನಮ್ಮ ತಂದೆ ಅರವತ್ತರಲ್ಲಿ ಮರೆಯಲು ಶುರುಮಾಡಿ, ಕೊನೆಗೆ ನನ್ನನ್ನು ಹಾಲಿನವನೆಂದುಕೊಂಡು ಮಾತಾಡಿಸುತ್ತಿದ್ದರು. ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಓದಿದವನು ನಾನು; ಯಾವುದನ್ನೂ ಪುರಾವೆಯಿಲ್ಲದೆ ನಂಬಬಾರದೆಂದು ಕಲಿತವನು. ಈ ಪ್ರಯಾಣದಲ್ಲಿ ಮಾತ್ರ ನನಗೆ ಬೇಕಾದ ಉತ್ತರ ಮೊದಲೇ ಗೊತ್ತಿತ್ತು. ರುದ್ರಮೂರ್ತಿ ಕಳ್ಳರಾಗಿರಬೇಕು. ಅವರು ಕಳ್ಳರಲ್ಲದಿದ್ದರೆ ನನ್ನ ತಲೆ ಕೆಟ್ಟಿದೆ ಎಂದಾಗುತ್ತಿತ್ತು.

ಆಟೊದವನು ಮೀಟರ್ ಹಾಕಲಿಲ್ಲ, ನೂರು ರೂಪಾಯಿ ಕೇಳಿದ. ಕೊಟ್ಟೆ. ಒಂದು ದಿನಕ್ಕೆ ಒಂದೇ ಜಗಳ ಸಾಕೆನಿಸಿತು.

ಮೆಟ್ರೊದಲ್ಲಿ ತಪಾಸಣೆಯ ಯಂತ್ರದೊಳಗೆ ಹೋದ ಚೀಲ ಹೊರಗೆ ಬರಲು ತಡವಾಯಿತು. ಕಾವಲಿನ ಹೆಣ್ಣುಮಗಳು ಪರದೆಯ ಕಡೆ ಬಗ್ಗಿದಳು. ಉತ್ತರ ಕರ್ನಾಟಕದ ಮಾತು.

“ಏನ್ರೀ ಸರ ಇದು? ಒಳಗೆಲ್ಲ ಬರೇ ವೈರ್ ಕಾಣಾಕತ್ತಾವ.”

“ಹಾಡು ಕೇಳೋ ಯಂತ್ರ.”

“ಹಾಡು ಕೇಳಾಕ ಇಷ್ಟು ದೊಡ್ಡದು ಬೇಕೇನ್ರಿ? ಫೋನಿನ್ಯಾಗ ಬರಂಗಿಲ್ಲೇನು?” ಬಿಚ್ಚಿಸಿದಳು. ಗಾಜಿನೊಳಗೆ ಬೆರಳು ತಾಗಿಸದೆ ಇಣುಕಿದಳು. “ಎಲ್ಲಾ ನಿಮ್ದ ಹೌದಲ್ರೀ?”

“ನನ್ನದೇ.” ಹೇಳಿದ ಮೇಲೆ, ಒಳಗಿನ ಗಾಜಿನ ವಾಲ್ವ್ ನನ್ನದೋ ಅಲ್ಲವೋ ಗೊತ್ತಿಲ್ಲ ಎನ್ನಬೇಕಿತ್ತು ಅನಿಸಿತು. ಅವಳು ನನ್ನನ್ನು ನೋಡಿದ ರೀತಿಯಲ್ಲೇ ನಾನು ಒಂದು ವಾರದಿಂದ ರುದ್ರಮೂರ್ತಿಯವರನ್ನು ಮನಸ್ಸಿನಲ್ಲಿ ನೋಡುತ್ತಿದ್ದೆ.

ನಾಯಂಡಹಳ್ಳಿಯಲ್ಲಿ ಇಳಿದಾಗ ಬಿಸಿಲು ಏರಿತ್ತು. ಮೈಸೂರು ರಸ್ತೆಯ ಲಾರಿಗಳ ಧೂಳು. ಗೋಡೌನುಗಳ ಸಂದಿಯಲ್ಲಿ ಏಳೆಂಟು ನಿಮಿಷ ನಡೆದು, ಮೂರು ಕಡೆ ಚೀಲ ಇಳಿಸಿ ಸುಧಾರಿಸಿಕೊಂಡು, ವರ್ಕ್‌ಶಾಪ್ ತಲುಪಿದೆ. ಕಾದ ಬೆಸುಗೆಯ ವಾಸನೆ. ಎಪ್ಪತ್ತು ದಾಟಿದ ರುದ್ರಮೂರ್ತಿ ಬನಿಯನ್ನಿನಲ್ಲಿ ಕೂತು ತಂತಿ ಸುತ್ತುತ್ತಿದ್ದರು. ಸುತ್ತಿನ ಎಣಿಕೆ ತಪ್ಪಬಾರದೆಂದು ಕೈಯೆತ್ತಿ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದರು. ಮುಗಿದ ಮೇಲೆ, “ಅಂತೂ ತಂದ್ರಲ್ಲ ಸಾರ್! ನಾಲ್ಕು ತಿಂಗಳಾಯ್ತು,” ಎಂದರು.

“ಏನನ್ನ?”

“ನನ್ನ ಜೋಡಿನ.” ಚೀಲದಿಂದ ಆಂಪ್ಲಿಫೈಯರ್ ಎತ್ತಿ, ಎರಡು ದೊಡ್ಡ ವಾಲ್ವ್‌ಗಳನ್ನೂ ಕಿತ್ತು ತಲೆಕೆಳಗು ಮಾಡಿದರು. ಎರಡರ ಬುಡದಲ್ಲೂ ಪಿನ್ನುಗಳ ನಡುವೆ ಉಗುರುಬಣ್ಣದ ಕೆಂಪು ಚುಕ್ಕೆ; ಹಿಂದಿನ ವಾರ ನಾನು ಅಂಚನ್ನಷ್ಟೇ ನೋಡಿದ್ದೆ. “ನೋಡಿ. ಇದು ವರ್ಕ್‌ಶಾಪ್ ಜೋಡಿ. ಗಿರಾಕಿ ವಾಲ್ವ್ ನಾನು ಇಲ್ಲಿ ಇಟ್ಕೊಳ್ಳಲ್ಲ ಸಾರ್, ಆವತ್ತೇ ಹೇಳಿದ್ದೆ. ಹಿಂದೆ ಒಬ್ಬರು ಕದ್ದೆ ಅಂದ್ರು. ಆಮೇಲಿಂದ ರಿಪೇರಿಗೆ ಬಂದ್ರೆ ಅವರದ್ದನ್ನ ಅವರ ಕೈಲೇ ಕೀಳಿಸಿ ಮನೆಗೆ ಕಳಿಸ್ತೀನಿ. ಟೆಸ್ಟಿಂಗ್ ಎಲ್ಲ ನನ್ನದ್ರಲ್ಲೇ. ವಾಪಸ್ ತಗೊಳ್ಳೋ ದಿನ ನೀವು ನಿಮ್ಮದನ್ನ ತರೋದು ಮರೆತು ಬಂದ್ರಿ. ಇದನ್ನೇ ಹಾಕ್ಕೊಂಡು ಹೋಗಿ, ನಾಳೆ ಕೊಡಿ ಅಂದೆ.”

ನನಗೆ ಒಂದು ಅಕ್ಷರವೂ ನೆನಪಿರಲಿಲ್ಲ. ಎಷ್ಟು ಅಚ್ಚುಕಟ್ಟಾದ ಕಥೆ ಎಂದುಕೊಂಡೆ. “ಚುಕ್ಕೆ ಯಾವಾಗ ಬೇಕಾದರೂ ಇಡಬಹುದಲ್ಲ?”

ಅವರು ನಗಲಿಲ್ಲ. “ಇಡಬಹುದು. ಸಾರ್ ನನ್ನ ಜೋಡಿ ಇಟ್ಕೊಂಡು ಸುಮ್ಮನಾಗ್ಬಿಟ್ರು ಅಂತ ನಾನೂ ಅಂದ್ಕೊಂಡಿದ್ದೆ, ಯಾಕೆ ಸುಳ್ಳು ಹೇಳ್ಲಿ. ಫೋನ್ ಮಾಡೋಕೆ ಮುಜುಗರ.” ಆಮೇಲೆ ಏನೋ ನೆನಪಾಗಿ ಮುಖ ಅರಳಿತು. “ಅಲ್ಲ ಸಾರ್, ರಿಪೇರಿಗೆ ಕೊಟ್ಟ ದಿನ ವಾಲ್ವ್ ಸುತ್ಕೊಳ್ಳೋಕೆ ಬಟ್ಟೆ ಇಲ್ಲ ಅಂತ ಇದೇ ಸ್ಟೂಲ್ ಮೇಲೆ ಕೂತು ಒಂದು ಸಾಕ್ಸ್ ಬಿಚ್ಚಿದ್ರಲ್ಲ! ಒಂದು ವಾಲ್ವ್ ತುದಿಗೆ, ಮಧ್ಯ ಗಂಟು, ಇನ್ನೊಂದು ವಾಲ್ವ್ ಮೇಲೆ. ಒಂದು ಕಾಲಿಗೆ ಸಾಕ್ಸ್, ಒಂದು ಕಾಲು ಬರೀದು. ಹಂಗೇ ಹೋದ್ರಿ.”

“ಯಾವ ಬಣ್ಣ?”

“ಬೂದಿ.”

ನಮ್ಮ ಮನೆಯ ಬಟ್ಟೆ ಒಣಹಾಕುವ ತಂತಿಯ ಮೇಲಿನ ಒಂಟಿ ಕಾಲುಚೀಲದ ವಿಷಯ ವಿಮಲಾ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಸ್ಟೂಲ್ ಹುಡುಕಿ ಕೂತೆ. ಅದೇ ಸ್ಟೂಲ್ ಇರಬೇಕು.

ಅವರು ತಮ್ಮ ಜೋಡಿಯನ್ನು ಕಪಾಟಿನಲ್ಲಿಟ್ಟು, ಬರಿದಾದ ಯಂತ್ರವನ್ನು ಚೀಲಕ್ಕಿಳಿಸಿದರು. “ಮನೇಲಿ ಹುಡುಕಿ. ಸಿಗದೇ ಇದ್ರೆ ನಾನೇ ಕದ್ದೆ ಅಂತ ಇಟ್ಕೊಳ್ಳಿ. ಬೇರೆ ಜೋಡಿ ಹಾಕ್ಕೊಡ್ತೀನಿ. ಈ ವಯಸ್ಸಲ್ಲಿ ಇನ್ನೊಂದು ಸಲ ಆ ಮಾತು ಕೇಳೋ ಶಕ್ತಿ ಇಲ್ಲ.”

ನಿಲ್ದಾಣದ ಹತ್ತಿರ ಕಾಫಿ ಕುಡಿದೆ, ಸಕ್ಕರೆ ಜಾಸ್ತಿಯಿತ್ತು. ಹಿಂತಿರುಗುವ ರೈಲಿನಲ್ಲಿ ಸೀಟು ಸಿಕ್ಕಿತು. ದೀಪಾಂಜಲಿ ನಗರ ದಾಟುವಷ್ಟರಲ್ಲಿ ನನಗೆ ಒಂದು ಯೋಚನೆ ಬಂದಿತ್ತು, ಅದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಹುಡುಕದಿದ್ದರೆ ಸಿಗುವುದಿಲ್ಲ. ಸಿಗದಿದ್ದರೆ ನನ್ನ ತಲೆ ಸರಿಯಾಗಿದೆ, ಜೊತೆಗೆ ಬೇರೊಂದು ಜೋಡಿ. ಬಲಿ ಒಬ್ಬ ಮುದುಕನ ಹೆಸರು ಮಾತ್ರ.

ಮನೆ ಸೇರಿದಾಗ ಹನ್ನೆರಡೂವರೆ. ವಿಮಲಾ ಅಡುಗೆಮನೆಯಲ್ಲಿದ್ದಳು. ನಾನು ಯೋಚಿಸಲಿಲ್ಲ, ಕೈ ತಾನಾಗಿ ಚಪ್ಪಲಿ ಗೂಡಿನ ಮೇಲಿನ ಹಲಗೆಗೆ, ಹಳೆಯ ಹೆಲ್ಮೆಟ್ಟಿನೊಳಕ್ಕೆ ಹೋಯಿತು. ಬೂದಿ ಬಣ್ಣದ ಕಾಲುಚೀಲ, ನಡುವೆ ಗಂಟು. ಬಿಚ್ಚಿದೆ. ಎರಡನೆಯ ವಾಲ್ವಿನ ಬುಡದಲ್ಲಿ ಚಕ್ಕೆ ಎದ್ದಿತ್ತು, ನಾನು ಹೇಳಿದಷ್ಟೇ, ಉಗುರಿನಷ್ಟು. ಅದನ್ನು ಸರಿಯಾಗಿ ನೆನಪಿಟ್ಟಿದ್ದ ತಲೆಯೇ ಇದನ್ನು ಇಲ್ಲಿಟ್ಟ ಕೈಯನ್ನು ಮರೆತಿತ್ತು.

ಹೆಲ್ಮೆಟ್ ಇನ್ನೂ ಕೈಯಲ್ಲಿತ್ತು. ಮತ್ತೆ ಒಳಗೆ ತುರುಕಲು ಒಂದು ಕ್ಷಣ ಸಾಕಿತ್ತು.

“ಏನಾಯ್ತು? ಒಪ್ಕೊಂಡ್ರಾ ಅವರು?” ಒಳಗಿನಿಂದ ವಿಮಲಾ ಕೂಗಿದಳು.

ಫೋನ್ ತೆಗೆದು ರುದ್ರಮೂರ್ತಿಯವರ ನಂಬರ್ ಒತ್ತಿದೆ. ಅದು ರಿಂಗಾಗುತ್ತಿರುವಾಗಲೇ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತು, ಖಾಲಿಯಾದ ಕಾಲುಚೀಲವನ್ನು ಅವಳ ಕೈಗೆ ಕೊಟ್ಟೆ.

“ಆ ಬೂದಿ ಸಾಕ್ಸ್‌ದು ಜೋಡಿ, ತಗೋ,” ಎಂದೆ. “ನಾನೇ ಇಟ್ಟಿದ್ದೆ. ನಂಗೆ ನೆನಪೇ ಇಲ್ಲ ಕಣೇ.”

ಅವಳು ಒಲೆ ಆರಿಸಿ ನನ್ನ ಕಡೆ ತಿರುಗಿದಳು.