ಒಬ್ಬರೇ ಉಣ್ಣುವುದು

ಅಲೋನ್ ಬೇರೆ, ಲೋನ್ಲಿ ಬೇರೆ ಎಂದು ಆಲೂರಿನ ಮಕ್ಕಳಿಗೆ ಪಾಠ ಹೇಳಿಯೇ ತಲೆಗೂದಲು ಕಳೆದುಕೊಂಡವನು ನಾನು. ಒಬ್ಬರೇ ಇರುವುದು ಮೊದಲನೆಯದು, ಒಬ್ಬರೇ ಇದ್ದೇವಲ್ಲ ಎಂದು ಕೊರಗುವುದು ಎರಡನೆಯದು. ಮಕ್ಕಳು ಬರೆದುಕೊಂಡರು, ಅಂಕವನ್ನೂ ತೆಗೆದರು. ನನ್ನ ಮನೆಯ ಹೊಸಿಲನ್ನು ಮಾತ್ರ ಈ ಪಾಠ ದಾಟಲಿಲ್ಲ.

ಕನ್ನಡದಲ್ಲಿ ಏಕಾಂತ ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಆದರೆ ನಮ್ಮ ಕಡೆ ಅದು ಮಂಜೂರಾಗಿರುವುದು ಋಷಿಗಳಿಗೆ ಮತ್ತು ಹೊಸದಾಗಿ ಮದುವೆಯಾದವರಿಗೆ. ಉಳಿದವರು ಒಬ್ಬರೇ ಕೂತರೆ "ಯಾಕೆ, ಹುಷಾರಿಲ್ವಾ?" ಎಂದು ಕೇಳುತ್ತಾರೆ.

ನಿವೃತ್ತನಾದ ಮೇಲೆ ಮಾರನಹಳ್ಳಿಯ ನಮ್ಮ ಕಾಫಿ ತೋಟದಲ್ಲಿ ಹೋಂಸ್ಟೇ ತೆರೆದೆವು. ಮೊದಲ ಅತಿಥಿ ಮೈಸೂರಿನ ಹೆಣ್ಣುಮಗಳು, ಬ್ಯಾಂಕಿನ ಕೆಲಸದವಳು. "ಕೆಲವು ದಿನ ಅಲೋನ್ ಆಗಿರಬೇಕು ಸಾರ್, ಅಷ್ಟೇ" ಎಂದಳು. ನನ್ನ ಹೆಂಡತಿ ಸರೋಜ "ಪಾಪ, ಏನು ಕಷ್ಟವೋ" ಎಂದು ಕಣ್ಣೊರೆಸಿಕೊಂಡಳು. ಬಂದವರು ಉಣ್ಣುವಾಗ ಎದುರಿಗೆ ಕೂತು ಬಲವಂತ ಮಾಡಿ ಬಡಿಸದಿದ್ದರೆ ನಮ್ಮಲ್ಲಿ ಅದು ಊಟವೇ ಅಲ್ಲ. ಸರಿ, ಬೆಳಗಿನ ರೊಟ್ಟಿಗೆ ಸರೋಜ ಕೂತಳು. ಮಧ್ಯಾಹ್ನಕ್ಕೆ ಪಾಳ್ಯದಿಂದ ನಾದಿನಿಯನ್ನು ಕರೆಸಿದಳು. ಆ ಹುಡುಗಿ ತೋಟದಲ್ಲಿ ತಿರುಗಾಡಲು ಹೊರಟರೆ, ಜಿಗಣೆ ಹತ್ತುತ್ತವೆ ಎಂದು ಪಕ್ಕದ ಮನೆಯಾಕೆ ಹಿಂದೆಯೇ ಹೊರಟಳು.

ಮರುದಿನ ಸಂಜೆ ಹುಡುಗಿ ನನ್ನ ಹತ್ತಿರ ಬಂದು "ನಾಳೆ ಬೆಳಿಗ್ಗೆ ಹೊರಡ್ತೀನಿ ಸಾರ್" ಎಂದಳು. ಮೊದಲ ಅತಿಥಿಯೇ ಅರ್ಧಕ್ಕೆ ಎದ್ದು ಹೋದರೆ ಊರಿಗೆ ಮುಖ ತೋರಿಸುವುದು ಹೇಗೆ? ಒಳಗೆ ಹೋಗಿ ಹೆಂಡತಿಗೆ ಹಳೆಯ ಪಾಠವನ್ನೇ ಮತ್ತೆ ಶುರುಮಾಡಿದೆ.

"ಎದುರಿಗೆ ಒಬ್ರೂ ಇಲ್ದಿದ್ರೆ ಅನ್ನ ಗಂಟ್ಲಲ್ಲಿ ಇಳೀತೈತೇನ್ರೀ? ನಮ್ಮನೇಲಿ ಯಾರ್ನೂ ಹಂಗೆ ಉಣ್ಣಾಕೆ ಬುಟ್ಟಿಲ್ಲ" ಎಂದು ಅವಳು ಅತ್ತೇ ಬಿಟ್ಟಳು. ನನಗೂ ಸಂಕಟವಾಯಿತು.

ಬೆಳಿಗ್ಗೆ ಸರೋಜ ಜಗಲಿಯಲ್ಲಿ ಹುಡುಗಿಗೆ ಅಕ್ಕಿರೊಟ್ಟಿ ಇಟ್ಟು ಸುಮ್ಮನೆ ಒಳಗೆ ಬಂದಳು. ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಹುರುಳಿಕಾಯಿಯ ಮೊರ ಹಿಡಿದು ಮತ್ತೆ ಹೊರಗೆ ಹೋದಳು. ಮೆಟ್ಟಿಲ ಮೇಲೆ, ಹುಡುಗಿಗೆ ಬೆನ್ನು ಹಾಕಿ, ಅಂಗಳದ ಕಡೆ ಮುಖ ಮಾಡಿ ಕೂತಳು.

"ನಾನಿಲ್ಲ ಅನ್ಕೊಳವ್ವ. ನೀನು ಉಣ್ಣು."

ನಾನು ಬಾಗಿಲ ಹಿಂದೆ ಹಣೆ ಹಣೆ ಚಚ್ಚಿಕೊಂಡೆ. ಹುಡುಗಿಯ ಕೈ ಒಂದು ಗಳಿಗೆ ತಡೆಯಿತು. ಆಮೇಲೆ ತುಟಿ ಕಚ್ಚಿ ನಗು ನುಂಗಿಕೊಂಡು ಇನ್ನೊಂದು ರೊಟ್ಟಿ ಎಳೆದುಕೊಂಡಳು. ಅವಳು ಅಂದು ಹೊರಡಲೂ ಇಲ್ಲ. ಉಳಿದ ದಿನಗಳ ಊಟವೆಲ್ಲ ಸರೋಜಳ ಬೆನ್ನ ಹಿಂದೆಯೇ ನಡೆಯಿತು.

ಕೊನೆಗೆ ಹೊರಟಾಗ ಹುಡುಗಿ ಸರೋಜಳ ಕೈ ಹಿಡಿದು ಹೇಳಿದಳು: "ಮುಂದಿನ ಸಲ ಬಂದಾಗ್ಲೂ ನೀವು ಹೀಗೇ ಇಲ್ಲದೇ ಇರಬೇಕು ಅಮ್ಮ."

"ಇರಲ್ಲ ಕಣವ್ವ," ಎಂದಳು ನನ್ನ ಹೆಂಡತಿ, "ನೀನು ಬಾ ಮಾತ್ರ."